ಮೂರನೆಯ ಪ್ರತಿ

ನನ್ನ ಒಡೆಯ ನುಮೀಸಿಯಸ್‌ಗೆ ಹಗಲು ಕವಿತೆ ಬರುವುದಿಲ್ಲ.
ದೀಪ ಹಚ್ಚಿ, ಅಂಜೂರ ತಿಂದು, ಬೆರಳು ನೆಕ್ಕಿದ ಮೇಲೆ
'ಥಲ್ಲೂಸಾ, ಮೇಣದ ಹಲಗೆ ತಾ' ಎನ್ನುತ್ತಾನೆ.
ಅವನು ಅಡ್ಡಾಡುತ್ತಾನೆ. ನಾನು ಗೀಚುತ್ತೇನೆ.
ಕೆಳಗೆ ಸುಬುರಾದ ಬೀದಿಯಲ್ಲಿ ಗಾಡಿಗಳ ಗಡಗಡ,
ಮೀನಿನ ಗೊಜ್ಜಿನ ವಾಸನೆ, ಯಾರದೋ ಬೈಗುಳ.

ಈ ಸಲ ಹಿಡಿದದ್ದು ನಮ್ಮ ಕಡೆಯ ಹೆಂಗಸನ್ನು.
ನಮ್ಮ ಹಳೆಯ ಹಾಡಿನಲ್ಲಿ ಅವಳಿಗೆ ನಾಲ್ಕೇ ಸಾಲು:
ವೀರ ಬಂದ.
ಅವಳು ಗಾಯ ತೊಳೆದಳು.
ವೀರ ಹೋದ.
ಅವಳು ದಂಡೆಯಲ್ಲಿ ನಿಂತಳು.
ಅಷ್ಟೆ. ಆಮೇಲೆ ಹಾಡೂ ಹಡಗು ಹತ್ತಿ
ಅವನ ಬೆನ್ನಿಗೇ ಹೊರಟುಹೋಯಿತು.

ಅಜ್ಜಿ ಉಣ್ಣೆ ಹಿಂಜುತ್ತ ಹಾಡುವಾಗ
ಆ ನಾಲ್ಕನೆಯ ಸಾಲಿಗೆ ಬಂದು ಸುಮ್ಮನಾಗುತ್ತಿದ್ದಳು,
ಒಂದು ಎಳೆ ಎಳೆಯುವಷ್ಟು ಹೊತ್ತು.

'ಆಮೇಲೆ ಅವಳೇನು ಮಾಡಿದಳು?' ಒಡೆಯ ಕೇಳಿದ.
'ಮೇಕೆಗಳಿಗೆ ಹೊತ್ತಾಗಿತ್ತು. ಹಾಲು ಕರೆದಿರಬೇಕು.'
ನಕ್ಕುಬಿಟ್ಟ.
'ಆರು ಹೆಜ್ಜೆಯ ಸಾಲಿನಲ್ಲಿ ಮೇಕೆ ನಡೆಯುವುದಿಲ್ಲ, ಹುಡುಗಿ.'

ಅವಳಿಗೆ ಅವನು ಭಾಷೆ ಕೊಟ್ಟ. ಇನ್ನೂರು ಸಾಲು.
ಬಾಯಿಲ್ಲದವಳಿಗೆ ಬಾಯಿ ಬಂತು,
ಬಂದದ್ದು ಮಾತ್ರ ವಕೀಲನ ಬಾಯಿ:
ನೀನು ಕೊಟ್ಟ ಭಾಷೆ ಮೊದಲನೆಯದು,
ನಾನು ಹಾಸಿದ ಹಾಸಿಗೆ ಎರಡನೆಯದು,
ದೇವರು ಸಾಕ್ಷಿ, ಅಲೆ ಸಾಕ್ಷಿ, ಈ ಬಂಡೆ ಸಾಕ್ಷಿ.
ನಡುನಡುವೆ ಲೆಕ್ಕವಿಟ್ಟು ಎದೆ ಬಡಿದುಕೊಳ್ಳುತ್ತಾಳೆ.
ಕೂದಲು ಕಿತ್ತುಕೊಳ್ಳುತ್ತಾಳೆ, ಎಂಟು ಸಾಲು ಬರೀ ಕೂದಲು,
ಅದರ ಬಣ್ಣವೋ, ಇಲ್ಲಿನ ಹೆಂಗಸರು
ರೈನ್ ನದಿಯಾಚೆಯಿಂದ ತರಿಸುವ ಚೌರಿಯ ಬಣ್ಣ.
ನಮ್ಮ ದ್ವೀಪದಲ್ಲಿ ಅಂಥ ಕೂದಲು
ಕುದುರೆಗೂ ಇರಲಿಲ್ಲ.

ವಾಚನದ ಸಂಜೆ ಧಾನ್ಯದ ವರ್ತಕನ ಹೆಂಡತಿ
ಮೇಲುದದಲ್ಲಿ ಮೂಗೊರೆಸಿಕೊಂಡಳು.
ಮಸಿಕುಡಿಕೆ ಹಿಡಿದು ಕಂಬದ ಹಿಂದೆ ನಿಂತ ನಾನು
ಒಳಗೊಳಗೇ ಅಣಕಿಸುತ್ತಿದ್ದೆ,
ನೂರಾ ಹನ್ನೊಂದನೆಯ ಸಾಲಿನವರೆಗೂ.
ಅಲ್ಲಿ ಅವಳು ಹೇಳುತ್ತಾಳೆ:
ಹಾಯಿ ಸಣ್ಣದಾಯಿತು, ಇನ್ನೂ ಸಣ್ಣದಾಯಿತು,
ಹಾಯಿಯೋ ಹಕ್ಕಿಯೋ ತಿಳಿಯದಾಯಿತು,
ಹಕ್ಕಿಯೆಂದು ತಿಳಿದ ಮೇಲೂ
ಹಕ್ಕಿಯನ್ನೇ ನೋಡುತ್ತಿದ್ದೆ.

ಎಫೆಸೊಸ್ ಬಂದರಿನಲ್ಲಿ ನಮ್ಮನ್ನು ಮಾರಿದ ದಿನ
ತಂಗಿಯನ್ನು ಬೇರೆ ಹಡಗಿಗೆ ಹತ್ತಿಸಿದ್ದರು.

ಇವನಿಗೆ ಯಾರು ಹೇಳಿದರು?
ಓಸ್ತಿಯಾದ ಆಚೆ ಕಡಲನ್ನೇ ಕಾಣದವನಿಗೆ?
ನಾನಂತೂ ತುಟಿ ಪಿಟಕ್ಕೆಂದಿಲ್ಲ.
ಕುಡಿಕೆ ಓರೆಯಾಗಿ ಮಸಿ ಪಾದದ ಮೇಲೆ ಇಳಿಯಿತು.
ಮೂರು ದಿನ ಉಜ್ಜಿದರೂ ಹೋಗಲಿಲ್ಲ.

ಪುಸ್ತಕದಂಗಡಿಯವನು ಐದು ಪ್ರತಿ ಕೇಳಿದ.
ಎರಡನ್ನು ಇದ್ದ ಹಾಗೆಯೇ ಇಳಿಸಿದೆ.
ಮೂರನೆಯದರಲ್ಲಿ, ಎಲ್ಲರೂ ಮಲಗಿದ ಮೇಲೆ,
ಚೌರಿಯ ಎಂಟೂ ಸಾಲು ಬಿಟ್ಟೆ.
ಹಕ್ಕಿಯನ್ನು ಮುಟ್ಟಲಿಲ್ಲ.
ಅದರ ಕೆಳಗೆ, ಅವನದೇ ಭಾಷೆಯಲ್ಲಿ,
ಬೆರಳು ಮಡಿಸಿ ಎಣಿಸಿ ಎಣಿಸಿ
ಒಂದು ಮೇಕೆಯನ್ನು ಕಟ್ಟಿದೆ.
ನಡೆಯಿತು!
ಮೂರನೆಯ ಹೆಜ್ಜೆಯಲ್ಲಿ ಕೊಂಚ ಕುಂಟಿತು, ನಿಜ.
ಕೆಚ್ಚಲು ತುಂಬಿದ ಮೇಕೆ ಹಾಗೇ ನಡೆಯುವುದು.

ಆ ಸುರುಳಿಯನ್ನು ಪುತೆಯೋಲಿಯ ಎಣ್ಣೆ ವ್ಯಾಪಾರಿ ಕೊಂಡನಂತೆ.
ಓದಿದನೋ, ಮೀನು ಸುತ್ತಿದನೋ.

ನಿನ್ನೆ ರಾತ್ರಿ ಒಡೆಯ ಬೆರಳು ನೆಕ್ಕುತ್ತ ಕೇಳಿದ:
'ನಿಮ್ಮ ಹಾಡುಗಳಲ್ಲಿ ಇಂಥವರು ಇನ್ನೆಷ್ಟು ಮಂದಿ?'
'ಹಾಡುಗಳಲ್ಲಿ ಕಡಿಮೆ' ಎಂದೆ,
ದೀಪದ ಬತ್ತಿಯನ್ನು ಸ್ವಲ್ಪ ಮೇಲಕ್ಕೆಳೆದೆ.