ದಾರಿಯ ಬೋಲ್ಟುಗಳು

ಟಿಬಿಲಿಸಿಯ ಗ್ಲ್ದಾನಿ, ಹನ್ನೊಂದನೇ ಮಹಡಿ.
ಲಿಫ್ಟಿನ ಡಬ್ಬಿಗೆ ಇಪ್ಪತ್ತು ತೇತ್ರಿ ಹಾಕಬೇಕು,
ಹತ್ತುವುದಕ್ಕೆ ಮಾತ್ರ. ಇಳಿಯುವುದು ಪುಕ್ಕಟೆ.
ನನ್ನಲ್ಲಿ ಚಿಲ್ಲರೆಯಿಲ್ಲ.
ಪಾನಾಪೆಟ್ಟಿಗೆ ಹೆಗಲಿಗೇರಿಸಿ ಮೆಟ್ಟಿಲು ಹಿಡಿದೆ.
ಏಳರಲ್ಲಿ ಬೆಳ್ಳುಳ್ಳಿ ಹುರಿಯುವ ವಾಸನೆ,
ಒಂಬತ್ತರಲ್ಲಿ ಹೊಸ ಬಣ್ಣದ್ದು.

"ನಡೆಯುತ್ತೆ ಕಣೇ," ಅಂದಳು ನಾಜಿಬ್ರೋಲಾ ಬಾಗಿಲಲ್ಲೇ.
"ಬಟ್ಟೆ ಹಿಂಡುವ ಹೊತ್ತಿಗೆ ಎದ್ದು ಹೊರಡುತ್ತೆ.
ನಿನ್ನೆ ಬಚ್ಚಲ ಹೊಸ್ತಿಲು ದಾಟಿತು.
ಮೇಲೆ ಕೂತು ನೋಡಿದೆ,
ನನ್ನನ್ನೂ ಹೊತ್ತುಕೊಂಡೇ ಹೊರಟಿತು.
ಕೆಳಗಿನ ಮುರ್ಮಾನ್ ಪೊರಕೆ ಹಿಡಿಯಲ್ಲಿ ಸೂರು ಗುದ್ದುತ್ತಾನೆ.
ಭೂಕಂಪವೆಂದು ಅವನ ಹೆಂಡತಿ
ಮಗುವನ್ನೆತ್ತಿಕೊಂಡು ಬೀದಿಗಿಳಿದಳಂತೆ."

ಸುಲಭದ್ದನ್ನು ಮೊದಲು ನೋಡು.
ಮೆಟ್ರೋ ಡಿಪೋದಲ್ಲಿ ನನಗೆ ಕಲಿಸಿದ್ದು ಅದೊಂದೇ.
ಮಟ್ಟಗೋಲು ಇಟ್ಟೆ: ಗುಳ್ಳೆ ನಟ್ಟನಡುವೆ ನಿಂತಿತು.
ಕಂಬಳಿ ಉಂಡೆಯಾಗಿ ಒಂದೇ ಮಗ್ಗುಲಿಗೆ ಕೂತಿದೆಯೇ?
ಒಳಗೆ ಒಂದು ಕಾಲುಚೀಲವೂ ಇಲ್ಲ.
ನೀರು ಹೋಗದೆ ಕಟ್ಟಿಕೊಂಡಿದೆಯೇ?
ಕೆಳಗಿನ ಪುಟ್ಟ ಮುಚ್ಚಳ ತಿರುಗಿಸಿದರೆ
ಬಾಣಲೆಗೆ ಇಳಿದದ್ದು
ಬೂದು ನೀರು, ಕೂದಲ ಪಿನ್ನು, ಯಾವುದೋ ಅಂಗಿಯ ನೀಲಿ ಗುಂಡಿ,
ಮುದ್ದೆಯಾದ ಔಷಧಿ ಚೀಟಿ,
ಇಪ್ಪತ್ತು ತೇತ್ರಿಯ ಮೂರು ನಾಣ್ಯ.
"ಓಹೋ," ಅಂದಳು, "ಇವಕ್ಕಾಗಿ ನಾನು ಮೆಟ್ಟಿಲು ಹತ್ತಿದ್ದೇನೆ."

ಆದರೆ ನಡೆಯುವುದಕ್ಕೆ ಅದು ಕಾರಣವಲ್ಲ.
ಗೋಡೆಯಿಂದ ಎಳೆದು ಬೆನ್ನು ನೋಡಿದೆ.
ನಾಲ್ಕು ಬೋಲ್ಟು, ಇದ್ದಲ್ಲೇ.
ನಾಲ್ಕು ಭಾಷೆಯಲ್ಲಿ ಬಿಚ್ಚು ಬಿಚ್ಚು ಎನ್ನುವ ಕೆಂಪು ಪಟ್ಟಿ.

ತಂದ ಹುಡುಗರು, ಲಿಫ್ಟು ಕೆಟ್ಟ ದಿನ,
ಬೈಯುತ್ತ ಹೊತ್ತು ತಂದು, ಬಾಗಿಲಲ್ಲಿ ಇಳಿಸಿ ಹೋದರಂತೆ.
ನಳ್ಳಿಗೆ ಸಿಕ್ಕಿಸಿದ್ದು ತಂಗಿಯ ಮಗಳು.
ಬೆನ್ನ ಕಡೆ ನೋಡುವವರು ಯಾರು?

ನಾನು ಹೇಳಿದೆ: ಕಾರ್ಖಾನೆ ಬಿಡುವಾಗ
ಒಳಗಿನ ತೊಟ್ಟಿಯನ್ನು ಬಿಗಿಯುತ್ತಾರೆ,
ದಾರಿಯ ಕುಲುಕಾಟಕ್ಕೆ ಮುರಿಯದಿರಲೆಂದು.
ಮುಟ್ಟಿದ ಮೇಲೆ ಬಿಚ್ಚಿದರೆ ಸ್ಪ್ರಿಂಗಿನ ಮೇಲೆ ತೂಗುತ್ತೆ,
ನಡುಗಿದರೂ ತನ್ನೊಳಗೇ ನಡುಗಿಕೊಳ್ಳುತ್ತೆ.
ಬಿಚ್ಚದಿದ್ದರೆ, ಪಾಪ, ಅದಕ್ಕೆ
ಇನ್ನೂ ಲಾರಿಯಲ್ಲೇ ಇದ್ದೇನೆ ಅಂತ.

ನಗುತ್ತಾಳೆಂದುಕೊಂಡಿದ್ದೆ.
ಅವಳು ಟೀ ಕಾಯಿಸಲು ಹೋದಳು.

ಮೂರು ಬೋಲ್ಟು ಸಲೀಸು. ನಾಲ್ಕನೆಯದು ತುಕ್ಕು,
ಎಣ್ಣೆ ಬಿಟ್ಟು ಕಾಯಬೇಕು.
ಕಾಯುವಾಗ ಕಣ್ಣಿಗೆ ಬಿದ್ದದ್ದು ಕಂದು ಸೂಟ್‌ಕೇಸು,
ಪಟ್ಟಿ ಬಿಗಿದು ಕೊಂಡಿ ಹಾಕಿದ್ದು, ಅದರ ಮೇಲೆ ಇಸ್ತ್ರಿಪೆಟ್ಟಿಗೆ.
"ಸುಖುಮಿಯಿಂದ ತಂದದ್ದು, ತೊಂಬತ್ತಮೂರರಲ್ಲಿ," ಅಂದಳು.
"ಇಸ್ತ್ರಿ ಇಡಲು ಎತ್ತರ ಸರಿಯಾಗಿದೆ."
ವಾಲ್‌ನಟ್ ಒಡೆದು ನನ್ನ ಮುಂದಿಟ್ಟಳು.

ಬಂತು ನಾಲ್ಕನೆಯದೂ.
ತೂತುಗಳಿಗೆ ಮುಚ್ಚಳ ಒತ್ತಿ, ನೂಕಿ, ಗುಂಡಿ ಅದುಮಿದೆ.
ತಿರುಗಿತು, ಜೋರಾಯಿತು, ಇನ್ನೂ ಜೋರಾಯಿತು.
ಮೇಲಿಟ್ಟ ಲೋಟದಲ್ಲಿ ಟೀಯ ಮೈ
ಸುಮ್ಮನೆ ಜುಮ್ಮೆಂದಿತು, ಅಷ್ಟೆ.
ಐದು ನಿಮಿಷಕ್ಕೆ ಬಾಗಿಲು ಬಡಿದದ್ದು ಮುರ್ಮಾನ್,
ಬರಿಗಾಲಲ್ಲಿ: "ಸದ್ದೇ ಇಲ್ಲವಲ್ಲ, ನಿಮಗೇನಾದರೂ ಆಯಿತೇ?"

ಬೋಲ್ಟುಗಳನ್ನು ಅವಳ ಅಂಗೈಗೆ ಹಾಕಿದೆ.
"ಎಸೆಯಬೇಡಿ. ಮುಂದೆ ಮನೆ ಬಿಡುವಾಗ ಬೇಕಾಗುತ್ತೆ."
ತೂಗಿ ನೋಡಿದಳು, ಏಲಕ್ಕಿ ತೂಗುವವರ ಹಾಗೆ.
ಇಸ್ತ್ರಿಪೆಟ್ಟಿಗೆ ಕೆಳಗಿಟ್ಟು, ಕೊಂಡಿ ಬಿಚ್ಚಿ,
ಮುಚ್ಚಳ ಒಂದು ಗೇಣು ಎತ್ತಿ,
ಒಳಗೆ ನೋಡದೆಯೇ ನಾಲ್ಕನ್ನೂ ಬಿಟ್ಟಳು.
ಬಟ್ಟೆಯ ಮೇಲೆ ಬಿದ್ದ ಸದ್ದು.
ಮತ್ತೆ ಕೊಂಡಿ ಹಾಕಲಿಲ್ಲ, ಅಥವಾ ಮರೆತಳು.
ಇಸ್ತ್ರಿಪೆಟ್ಟಿಗೆ ಮೊದಲಿನ ಜಾಗಕ್ಕೇ ಬಂತು.

ದುಡ್ಡಿನ ಜೊತೆ ಒದ್ದೆ ನಾಣ್ಯ ಮೂರನ್ನೂ ಕೊಟ್ಟಳು.
"ಇಳಿಯಲು ಬೇಡವಲ್ಲ," ಅಂದೆ.
"ಮುಂದಿನ ಮನೆಗೆ."

ಲಿಫ್ಟಿನಲ್ಲಿ ಫೋನು. ಮೂರನೇ ಕಟ್ಟಡ, ಎಂಟನೇ ಮಹಡಿ:
ಒಗೆದ ಬಟ್ಟೆಗೆ ಬೂಷ್ಟಿನ ನಾತ, ಸೋಪು ಬದಲಿಸಿದರೂ ಹೋಗದು.
ಸೋಪಿನದಲ್ಲ, ಅಂದೆ. ಒಗೆದಾದ ಮೇಲೆ
ಅದರ ಬಾಗಿಲು ಮುಚ್ಚಬೇಡಿ, ಗಾಳಿಯಾಡಲಿ.
"ಎಷ್ಟು ಹೊತ್ತು?" ಅಂದಳು ಆ ಹೆಂಗಸು.
ಆರನೇ ಮಹಡಿಯ ಹತ್ತಿರ
ಸಿಗ್ನಲ್ ಹೋಯಿತು.