ಸ್ಟಿಕ್ಕರ್ ಬೊಟ್ಟು

ಮೊದಲು ತಿರುವಿನಲ್ಲಿ ಮಾತ್ರ ಹತ್ತುತ್ತಿತ್ತು.
ಮೋತಿ ಸರ್ಕಲ್ ಸುತ್ತುವಾಗ ಒಮ್ಮೆ ಮಿಣಕ್,
ರಸ್ತೆ ನೆಟ್ಟಗಾದರೆ ಇಲ್ಲ.
ಹಿಂದಿನ ಸೀಟು ಕಿತ್ತ ಹಳೇ ಇಂಡಿಕಾದ ತುಂಬ
ತೊಳೆದ ಜೀನ್ಸ್ ಪ್ಯಾಂಟಿನ ಗಂಟು, ಇನ್ನೂ ಹಸಿ,
ಮುಂದೆ ಸ್ಟೇರಿಂಗಿಗೆ ನಾನು,
ನನ್ನೆದುರು ಈ ಕೆಂಪು ದೀಪ:
ಸೊನ್ನೆಯೊಳಗೆ ನಿಂತ ಆಶ್ಚರ್ಯ ಚಿಹ್ನೆ.
ಆಶ್ಚರ್ಯಪಡಲು ನನಗೆ ಪುರುಸೊತ್ತಿರಲಿಲ್ಲ.

ಮೂರನೇ ದಿನ ಬ್ರೇಕು ತುಳಿದಾಗಲೆಲ್ಲ ಹತ್ತಿತು.
ಐದನೇ ದಿನ ಆರಲೇ ಇಲ್ಲ.
ಹಣೆಯ ಬೊಟ್ಟು ಕಿತ್ತು ಅದರ ಮೇಲೆ ಅಂಟಿಸಿದೆ.
ಕೆಂಪಿನ ಮೇಲೆ ಮರೂನು. ಸರಿಹೋಯಿತು.
ಕೌಲ್ ಬಜಾರಿನವರಿಗೆ ಕಾಯಲು ಬರುವುದಿಲ್ಲ,
ಮುಂಡರಗಿಯ ವಾಷಿಂಗ್ ಯೂನಿಟ್ಟಿಗೆ ನಿಲ್ಲಲು ಬರುವುದಿಲ್ಲ,
ನನ್ನ ಗಾಡಿಗೂ ನಿಲ್ಲಲು ಬರುವುದಿಲ್ಲವೆಂದು ಗೊತ್ತಾದದ್ದು
ಹನ್ನೊಂದನೇ ದಿನ, ಸುಧಾ ಕ್ರಾಸಿನಲ್ಲಿ,
ಗೇಟು ಇಳಿಯುತ್ತಿದ್ದಾಗ.

ಹುಳಿ ಬಂದ ದೋಸೆಹಿಟ್ಟಿಗೆ ಕಾಲಿಟ್ಟ ಹಾಗೆ
ಪೆಡಲು ಒಳಗೊಳಗೇ ಹೋಯಿತು.
ಎರಡು ಸಲ ತುಳಿದೆ, ಮೂರು ಸಲ.
ಮುಂದಿನ ಬೈಕಿಗೆ ಗೇಣು ಬಿಟ್ಟು ನಿಂತಿತು.
ಬೈಕಿನ ಹಿಂದೆ ಕೂತ ಹುಡುಗಿ ತಿರುಗಿ ನಕ್ಕಳು.
ಅವಳಿಗೇನು ಗೊತ್ತು.

ಮೊದಲನೇ ಗೇರಿನಲ್ಲೇ ತೆವಳಿಕೊಂಡು ಗ್ಯಾರೇಜಿಗೆ ಹೋದೆ.
ದಾದಾವಲಿ ಮೇಸ್ತ್ರಿ ಒಗ್ಗಾಣಿಯ ತಟ್ಟೆ ಕೆಳಗಿಟ್ಟು
ಹ್ಯಾಂಡ್‌ಬ್ರೇಕು ಪೂರ್ತಿ ಇಳಿದಿದೆಯೇ ನೋಡಿದ.
ಆಮೇಲೆ ಉಗುರಿನಿಂದ ಬೊಟ್ಟು ಎಬ್ಬಿಸಿ
ತನ್ನ ಮಣಿಕಟ್ಟಿಗೆ ಅಂಟಿಸಿಕೊಂಡ.
ಏನೂ ಅನ್ನಲಿಲ್ಲ.
ಅಂದಿದ್ದರೆ ಚೆನ್ನಾಗಿತ್ತು.

"ಅರ್ಧ ಬಾಟಲಿ ಆಯಿಲ್ ಸುರಿದುಬಿಡು, ಸಂಜೆ ಲೋಡಿದೆ" ಅಂದೆ.
ಬಾನೆಟ್ಟೆತ್ತಿ ಡಬ್ಬಿಗೆ ಟಾರ್ಚು ಹಿಡಿದ.
ಕೆಳಗಿನ ಗೆರೆಗಿಂತಲೂ ಕೆಳಗೆ
ಮೂರು ಸಲ ಕುದಿಸಿದ ಚಹಾದ ಬಣ್ಣ.

"ಉರಿದು ಹೋಗಾಕ ಇದು ಪೆಟ್ರೋಲಲ್ಲ ಹುಲಿಗೆಕ್ಕ.
ಕಮ್ಮಿ ಆಗೈತೆ ಅಂದ್ರೆ ಎಲ್ಲೋ ಹೋಗೈತೆ.
ಪ್ಯಾಡು ಸವೆದ್ರೂ ಇಳೀತೈತೆ, ಅದು ಮರ್ಯಾದಸ್ಥ ಇಳಿತ,
ಸವೆದಷ್ಟೇ.
ನಿನ್ನ ಪ್ಯಾಡು ಇನ್ನೂ ದಪ್ಪ ಐತೆ.
ಹಂಗಾದ್ರೆ ಮಿಕ್ಕಿದ್ದೆಲ್ಲಿ?"

ಒಂದೊಂದೇ ಗಾಲಿಯ ಹಿಂದೆ ಅಂಗಾತ ಮಲಗಿದ.
ಲಾರಿ ಲಾರಿ ಅದಿರು ಹೋದ ದಾರಿಯ ಧೂಳು,
ನಾನು ಜನ್ಮವೆಲ್ಲ ಬೈದುಕೊಂಡು ಗುಡಿಸಿದ ಧೂಳು
ಅಂದು ಸಾಕ್ಷಿ ಹೇಳಿತು:
ಮೂರು ಗಾಲಿಗೆ ಪುಡಿ, ಊದಿದರೆ ಹಾರುತ್ತದೆ.
ಹಿಂದಿನ ಎಡಗಾಲಿಯ ಒಳಮೈಗೆ ಮಾತ್ರ
ಕುಂಕುಮ ಕಲಸಿದಂತೆ ಮೆತ್ತಿ
ಗೆರೆಯಾಗಿ ಇಳಿದಿತ್ತು.

ಡ್ರಮ್ಮು ಕಳಚಿದಾಗ ಸಿಕ್ಕಿದ್ದು
ಹೆಬ್ಬೆರಳ ಉಗುರಿನಷ್ಟು ರಬ್ಬರು, ತುಟಿ ಹರಿದದ್ದು.
ಅಂಗೈ ಮೇಲಿಟ್ಟು ತೋರಿಸಿದ,
ಸೂಲಗಿತ್ತಿ ತೋರಿಸುವ ಹಾಗೆ.
ತೊಯ್ದ ಬ್ರೇಕ್ ಶೂಗಳನ್ನು ಮೂಲೆಗೆ ಎಸೆದ.

ಕೆಲಸದ ಹುಡುಗ ಬಂದಿರಲಿಲ್ಲ, ಪೆಡಲಿಗೆ ನಾನೇ ಕೂತೆ.
ಗಾಲಿಯ ಬುಡದಿಂದ ದನಿ:
ತುಳಿ.
ತುಳಿ.
ತುಳಿದು ಹಿಡಿ.
ನಾನು ಬಿಟ್ಟೆ. ಬೈದ.
"ಹೇಳೋ ತನಕ ಬಿಡಬ್ಯಾಡ, ಗಾಳಿ ವಾಪಸ್ ಎಳಕೊಂತೈತೆ."
ತುಳಿದು ಹಿಡಿದೆ.
ಸಣ್ಣ ಪೈಪಿನಲ್ಲಿ ಗುಳ್ಳೆ, ಮತ್ತೆ ಗುಳ್ಳೆ, ಆಮೇಲೆ
ಗುಳ್ಳೆಯಿಲ್ಲದ ತೆಳು ಜೇನಿನ ಬಣ್ಣ.
ಪಾದದಡಿ ಪೆಡಲು ಮೆಲ್ಲಗೆ
ನೆಲವಾಯಿತು.

ಬಂಪರಿನ ಮೇಲೆ ಬಿದ್ದ ಹನಿಗೆ ಮಗ್ಗು ನೀರು ಹೊಯ್ದ.
"ಆಯಿಲ್ ಅಂತೀವಷ್ಟೆ. ಇದು ಬಣ್ಣ ತಿಂತೈತೆ."

ಸಂಜೆ ಅದೇ ಗೇಟು.
ಅದಿರಿನ ಗೂಡ್ಸು ಹೋಗುತ್ತಲೇ ಇತ್ತು,
ಮೂವತ್ತೆಂಟಕ್ಕೆ ಎಣಿಕೆ ತಪ್ಪಿತು.
ಹ್ಯಾಂಡ್‌ಬ್ರೇಕು ಎಳೆದೆ: ಹತ್ತಿತು.
ಇಳಿಸಿದೆ: ಆರಿತು.
ಸುಮ್ಮನೆ ಇನ್ನೊಮ್ಮೆ ಎಳೆದೆ.
ಹಿಂದಿನ ಆಟೋದವನು ಹಾರ್ನು ಬಾರಿಸಿದ.

ಕನ್ನಡಿಯಲ್ಲಿ ನೋಡಿಕೊಂಡರೆ ಹಣೆ ಖಾಲಿ.
ಬೊಟ್ಟು ದಾದಾವಲಿಯ ಮಣಿಕಟ್ಟಿನಲ್ಲೇ ಹೋಯಿತು.
ಅವನ ಮನೆಯಲ್ಲಿ ಏನಂದರೋ.