ಜೈವಂತನ ಗಿಂಡಿ

ನೋಡಿದವರು ಒಂದು ಅಂತಾರೆ. ಅದು ನಾಲ್ಕು:
ಹೊಟ್ಟೆ, ಮೂತಿ, ಹಿಡಿ, ಮುಚ್ಚಳ.
ಹೊಟ್ಟೆಯೂ ಮುಚ್ಚಳವೂ ಒಂದೇ ಬೆಳಗಿಗೆ ತಿಗರಿಯಿಂದ ಇಳಿಯಬೇಕು,
ಒಂದೇ ನೆರಳಲ್ಲಿ ಒಣಗಬೇಕು.
ಇಲ್ಲವಾದರೆ ಹೊಸ ಬೀಗರ ಹಾಗೆ
ಕೂತಂತೆ ಕಾಣುತ್ತದೆ, ಕೂತಿರುವುದಿಲ್ಲ.

ಅಪ್ಪ, ಬೊಮ್ಮಯ್ಯ ಗುನಗ, ಇದನ್ನು ಪಾತ್ರೆಯೆಂದೇ ಒಪ್ಪಲಿಲ್ಲ.
ಅವನದು ಮೀನುಸಾರಿನ ಗಡಿಗೆ, ರೊಟ್ಟಿಯ ಓಡು,
ಹರಕೆ ಹೊತ್ತವರಿಗೆ ಮಣ್ಣಿನ ಕುದುರೆ.
"ಗಡಿಗೆಗೆ ಬಾಯಿದ್ರೆ ಸಾಕು, ಮೂಗು ಎಂತಕ್ಕೆ?"
ಹೆಣ್ಣು ಮುಟ್ಟಿದರೆ ತಿಗರಿ ಮುನಿಯುತ್ತದೆ ಎನ್ನುತ್ತಿದ್ದವನು
ಎರಡೂ ಕಣ್ಣಿಗೆ ಪೊರೆ ಬಂದ ವರ್ಷ, ಒಂದು ರಾತ್ರಿ,
ತಿರುಗಿಸುವ ಕೋಲನ್ನು ನನ್ನ ಚಾಪೆಯ ಬದಿಗಿಟ್ಟು
ಏನೂ ಹೇಳದೆ ಮಲಗಿದ.
ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.
ಕುಂಬಾರ್ತಿಗೆಷ್ಟು ಎಂದು ಗಾದೆ ಕಟ್ಟಿದವರು ಲೆಕ್ಕ ಹಾಕಿಲ್ಲ.

ಮೆರುಗು ಕಲಿತದ್ದು ಖಾನಾಪುರದಲ್ಲಿ, ಆರು ತಿಂಗಳು.
ಪೊಟ್ಟಣದ ಪುಡಿಗಳ ಹೆಸರೆಲ್ಲ ಬಾಯಿಪಾಠ.
ಪೊಟ್ಟಣ ಮುಗಿದ ಮೇಲೆ ಊರನ್ನೇ ಜರಡಿ ಹಿಡಿದೆ:
ಗಾಳಿಮರದ ಬೂದಿ, ಏಳು ನೀರಲ್ಲಿ ತೊಳೆದದ್ದು
(ಮೊದಲ ನೀರು ಸಾಬೂನಿನಂತೆ ಜಾರಿ ಬೆರಳ ಸಂದಿ ಸುಡುತ್ತದೆ);
ಬೆಳಚಿನ ಚಿಪ್ಪಿನ ಸುಣ್ಣ;
ಗಜನಿಯ ಕಗ್ಗದ ಉಮಿ, ಬೆಳ್ಳಗಾಗುವ ತನಕ ಉರಿಸಿ;
ಹೊಳೆಯಂಚಿನ ಜೇಡಿ ಒಂದು ಹಿಡಿ.
ಗಂಜಿತಿಳಿಗಿಂತ ದಪ್ಪ, ಕೆನೆಗಿಂತ ತೆಳು.

ಒಮ್ಮೆ ಸುಟ್ಟ ಗಿಂಡಿಗೆ ಬಾಯಾರಿರುತ್ತದೆ.
ಅದ್ದಿದರೆ ಸುಂಯ್ ಎಂದು ಕುಡಿಯುತ್ತದೆ.
ಮೂರು ಎಣಿಸಿ ಎತ್ತು. ನಾಲ್ಕಾದರೆ ಮೆರುಗು ಉರಿಯಲ್ಲಿ ಜಾರಿ ಕಾಲಿಗಿಳಿಯುತ್ತದೆ.
ಮೇಲೆ ಬರೀ ಬೂದಿ. ಬಣ್ಣ ಬೆಂಕಿಯ ಹತ್ತಿರ ಇದೆ, ಕೇಳಿ ತರಬೇಕು.
ಮುಚ್ಚಳ ಕೂರುವ ಅಂಚೊಂದನ್ನು ಮಾತ್ರ
ಒದ್ದೆ ಬಟ್ಟೆಯಲ್ಲಿ ಒರೆಸಿಡಬೇಕು, ಬರಿಮಣ್ಣು ಕಾಣುವ ಹಾಗೆ.

ತದಡಿಯ ಧಕ್ಕೆಯಲ್ಲಿ ಜೈವಂತ ಹರಿಕಂತ್ರನ ಚಾದಂಗಡಿ.
ಆಚೆ ದಡದ ದೋಣಿ ಬರುವ ತನಕ ಜನ ಅಲ್ಲೇ.
ಮೊದಲ ಗಿಂಡಿ ಒಯ್ದಾಗ ಎರಡು ಗ್ಲಾಸಿಗೆ ಬಗ್ಗಿಸಿ, ನೆಟ್ಟಗೆ ಮಾಡಿ,
ಮೂತಿಯ ತುದಿಯನ್ನೇ ನೋಡಿದ.
ಒಂದು ತೊಟ್ಟು ಉಬ್ಬಿತು, ಯೋಚಿಸಿತು, ಗಲ್ಲಕ್ಕಿಳಿಯಿತು.
"ಚಂದ ಉಂಟು. ಆದ್ರೆ ಅಳ್ತದೆ ಮಾರಾಯ್ತಿ."
ಹತ್ತೊಂಬತ್ತು ಗಿಂಡಿ ಅತ್ತವು ಅವನ ಮೇಜಿನ ಮೇಲೆ.
ತುಟಿ ತೆಳು ಮಾಡಿದೆ. ಕೆಳಕ್ಕೆ ಬಾಗಿಸಿದೆ.
ಕೆಸರಿನಿಂದ ಕೊಕ್ಕೆತ್ತುವ ಬೆಳ್ಳಕ್ಕಿಯನ್ನು ಒಂದು ಇಳಿತವಿಡೀ ನೋಡಿ ಬಂದು
ಕಲಗದ ಚಿಪ್ಪಿನಲ್ಲಿ ತುದಿ ಕೆತ್ತಿದೆ.

ಇಪ್ಪತ್ತನೆಯದರ ಅಂಚು ಒರೆಸುವ ಹೊತ್ತಿಗೆ
ಅವನೇ ಬಂದ, ಗಾಳಿಮರದ ಸೌದೆ ದೋಣಿಯಲ್ಲಿ ಹೇರಿಕೊಂಡು.
ಸೇತುವೆ ಬರ್ತದಂತೆ, ಎಂದ.
ಬಂದ್ರೆ ದೋಣಿಗೆ ಕಾಯೂದು ಯಾರು,
ಕಾಯದೆ ಚಾ ಕುಡಿಯೂದು ಯಾರು.
ನನ್ನ ಕೈಯಲ್ಲಿ ಒದ್ದೆ ಬಟ್ಟೆ ಇತ್ತು. ಅದು ಕೈಯಲ್ಲೇ ಒಣಗಿತು.

ಎರಡು ರಾತ್ರಿ ಉರಿ. ಕೊನೆಗೆ ಸಾಣಿಕಟ್ಟಾದ ಉಪ್ಪು, ಬೊಗಸೆ ಬೊಗಸೆ,
ಆವಿಗೆಯ ಬಾಯಿಗೆ. ಅದು ಮುದುಕಿಯ ಹಾಗೆ ಕೆಮ್ಮಿತು.
ಮೂರನೇ ದಿನ ತೆಗೆದರೆ ಎಳೆ ಗೇರುಬೀಜದ ಹಸಿರು,
ಉಪ್ಪು ಕೂತಲ್ಲಿ ತೊರಕೆ ಮೀನಿನ ಚರ್ಮದ ತರಿತರಿ.
ಮುಚ್ಚಳ ತಿರುಗಲಿಲ್ಲ.
ಮರದ ಸುತ್ತಿಗೆಯಲ್ಲಿ ಸುತ್ತ ತಟ್ಟಿದೆ. ಗಂಟೆಯ ಹಾಗೆ ನಾದ, ಅಷ್ಟೇ.
ಅಪ್ಪ ಮಡಿಲಲ್ಲಿಟ್ಟುಕೊಂಡು ಬೆರಳಾಡಿಸಿ, ಸಂದು ಹುಡುಕಿ,
ನಕ್ಕುಬಿಟ್ಟ: "ಮೂಗುಂಟು, ಬಾಯೇ ಇಲ್ಲ."

ಒಡೆಯಲು ಕಲ್ಲು ಹುಡುಕುತ್ತಿದ್ದೆ. ಜೈವಂತ ಕಸಿದು ಅಂಗಡಿಗೆ ಒಯ್ದ.
ಎಣ್ಣೆಯ ಲಾಳಿಕೆ ತೊಳೆದು ಮೂತಿಗಿಟ್ಟು
ಸೋಸಿದ ಚಾ ಮೂತಿಯಿಂದಲೇ ಒಳಗೆ ಹೊಯ್ದ.
ಮುಚ್ಚಳದ ಉಸಿರುತೂತಿನಲ್ಲಿ ಗಾಳಿ ಸಣ್ಣಗೆ ಸಿಳ್ಳೆ ಹಾಕಿತು.
ಎರಡು ಗ್ಲಾಸಿಗೆ ಬಗ್ಗಿಸಿದ. ನೆಟ್ಟಗೆ ಮಾಡಿದ.
ಇಬ್ಬರೂ ತುದಿಯನ್ನೇ ನೋಡಿದೆವು.
ತೊಟ್ಟು ಉಬ್ಬಿತು. ಯೋಚಿಸಿತು. ಒಳಗೆ ಹೋಯಿತು.

ದೋಣಿ ಬಂತು, ಜನ ಎದ್ದರು, ಅವನು ದುಡ್ಡಿನ ಡಬ್ಬಿಯ ಕಡೆ ನೋಡಲಿಲ್ಲ.
"ಇದನ್ನ ತೊಳೆಯೂದು ಹೆಂಗೆ?" ಕೇಳಿದೆ.
"ತೊಳೆಯೂದು ಎಂತಕ್ಕೆ," ಅಂದ,
"ಮತ್ಯಾರಿಗೆ ಕೊಡೂಕುಂಟು?"